ಮೊಲಕ್ಕೆ ಒಣಹುಲ್ಲೋ, ಪೆಲೆಟ್ಟೋ?

ಹೊಸದಾಗಿ ಮೊಲ ತಂದ ಕೋಲಾರದ ಮನೆಗಳಿಗೆ ಪೆಲೆಟ್ (ಒತ್ತಿ ಮಾಡಿದ ಗುಳಿಗೆ ಮೇವು) ಚೀಲವೇ ಸುಲಭ: ಅಳೆದು ಹಾಕಿದರೆ ಮುಗಿಯಿತು, ಕಸವೂ ಕಡಿಮೆ. ಆದರೆ ಅದನ್ನೇ ಹೊಟ್ಟೆತುಂಬ ಹಾಕಿದರೆ ಮೊಲಕ್ಕೆ ಬೊಜ್ಜು ಬರುತ್ತದೆ, ನಾರು ಸಾಲದೆ ಕರುಳು ಮಂದವಾಗುತ್ತದೆ. ಮೊಲದ ಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತದೆ. ಹುಲ್ಲನ್ನು ಅಡ್ಡಡ್ಡ ಅರೆದರೇ ಅದು ಸರಿಯಾಗಿ ಸವೆಯುವುದು. ಪೆಲೆಟ್ ಎರಡು ಕಡಿತಕ್ಕೆ ಪುಡಿ.

ಒಣಹುಲ್ಲು ಹಗಲೂ ರಾತ್ರಿ ಮೊಲದ ಮುಂದಿರಬೇಕು, ದಿನಕ್ಕೆ ಅದರ ಮೈಗಾತ್ರದಷ್ಟಾದರೂ. ಒಣಗಿಸಿದ ಗರಿಕೆ, ರೋಡ್ಸ್ ಹುಲ್ಲು ಒಳ್ಳೆಯದು. ಬಣವೆಯ ರಾಗಿಹುಲ್ಲು ಅಗ್ಗ, ನಾರೂ ಇದೆ, ಸತ್ವ ಕಮ್ಮಿ. ಬೆರಕೆಗಾದೀತು, ಅದೊಂದೇ ಸಾಲದು. ಕೊಳ್ಳುವ ಮುಂಚೆ ಕಂತೆ ಬಿಡಿಸಿ ಮೂಸಿ. ಮುಗ್ಗಲು ವಾಸನೆ ಬಂದರೆ, ಕೊಡವಿದಾಗ ಬಿಳಿ ದೂಳೆದ್ದರೆ ಬೇಡ. ಹಿಪ್ಪುನೇರಳೆ ಸೊಪ್ಪನ್ನು ಆಸೆಯಿಂದ ತಿನ್ನುತ್ತವೆ. ತೋಟಕ್ಕೆ ಔಷಧಿ ಹೊಡೆದದ್ದು ಯಾವಾಗ ಎಂದು ಕೇಳಿಯೇ ತನ್ನಿ.

ನಮ್ಮ ಓಟು ಹುಲ್ಲಿಗೇ. ಹಾಗೆಂದು ಪೆಲೆಟ್ ಪೂರ್ತಿ ಬಿಡಬೇಕಿಲ್ಲ: ಬೆಳೆದ ಮೊಲಕ್ಕೆ ಕಿಲೋ ತೂಕಕ್ಕೆ ದಿನಕ್ಕೆ 20–25 ಗ್ರಾಂ ಸಾಕು, ಆರು ತಿಂಗಳೊಳಗಿನ ಮರಿಗೆ ತುಸು ಹೆಚ್ಚು. ಮೇವು ಬದಲಿಸುವುದಿದ್ದರೆ 10 ದಿನ ಹಿಡಿಯಲಿ. ಅವಸರ ಮಾಡಿದರೆ ಭೇದಿ. 12 ಗಂಟೆ ಏನೂ ತಿನ್ನದೆ ಹಿಕ್ಕೆಯೂ ನಿಂತರೆ ಬೆಳಗಾಗಲೆಂದು ಕಾಯಬೇಡಿ, ಪಶುವೈದ್ಯರಿಗೆ ತೋರಿಸಿ.