ಮೈಲೇಜ್ 13ರಿಂದ 19ಕ್ಕೆ: ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರಿನ ಜೊತೆ ಎರಡೂವರೆ ವರ್ಷ

2023ರ ಜನವರಿಯಲ್ಲಿ ಈ ಕಾರು ಕೊಂಡೆ. 2013ರ ಕೊನೆಯ ಮಾಡೆಲ್, 1.3 ಲೀಟರ್ ಡೀಸೆಲ್. ಆಗ ಓಡಿದ್ದು 96,000 ಕಿ.ಮೀ., ನಾನು ಕೊಟ್ಟದ್ದು 3 ಲಕ್ಷದ 60 ಸಾವಿರ. ಈಗ ಮೀಟರ್ 1,38,000 ತೋರಿಸುತ್ತಿದೆ. ನಾನಿರುವುದು ಶಿವಮೊಗ್ಗದಲ್ಲಿ. ಅಪ್ಪ ಅಮ್ಮ ಸಾಗರದ ಹತ್ತಿರದ ಹಳ್ಳಿಯಲ್ಲಿದ್ದಾರೆ. ವಾರಕ್ಕೊಮ್ಮೆ ಅಲ್ಲಿಗೆ, ತಿಂಗಳಿಗೊಮ್ಮೆ ಬೆಂಗಳೂರಿಗೆ, ಉಳಿದ ದಿನ ಊರೊಳಗೆ ಆಫೀಸಿಗೆ.

ಕಾರಿನ ಕಂಪನಿ ಹೆಸರು ಬರೆಯುತ್ತಿಲ್ಲ. ನಾನು ಹೇಳಲಿರುವ ತೊಂದರೆಗಳು ಹತ್ತು ವರ್ಷ ಓಡಿದ ಯಾವ ಗಾಡಿಗೂ ಬರುವಂಥವು, ಅದಕ್ಕೆ ಕಂಪನಿ ಹೊಣೆಯಲ್ಲ. ಎಂಜಿನ್ ಯಾವುದು ಅಂತ ಮಾತ್ರ ಹೇಳಲೇಬೇಕು. ಫಿಯಟ್ ರೂಪಿಸಿದ 1,248 ಸಿಸಿ ಮಲ್ಟಿಜೆಟ್. ಸ್ವಿಫ್ಟ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊ, ಹೀಗೆ ಬೇರೆ ಬೇರೆ ಕಂಪನಿಗಳ ಕಾರುಗಳಲ್ಲಿ ಇದೇ ಎಂಜಿನ್ ಇತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲೆ ನಮ್ಮಲ್ಲಿ ಇದರ ಹೊಸ ಗಾಡಿಗಳು ನಿಂತುಹೋದವು. ಈಗ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡೇ. ಮೈಲೇಜ್ ಚೆನ್ನಾಗಿ ಕೊಡುತ್ತದೆ ಎಂದೇ ಜನ ಇದನ್ನು ಹುಡುಕಿಕೊಂಡು ಹೋಗುತ್ತಾರೆ. ನಾನೂ ಹಾಗೇ ಹೋದೆ.

ಮೊದಲ ಮೂರು ಟ್ಯಾಂಕ್‌ಗೆ ಬಂದ ಲೆಕ್ಕ, ಲೀಟರ್‌ಗೆ ಇಷ್ಟು ಕಿ.ಮೀ.: 13.2, 13.6, 13.4. ಸ್ನೇಹಿತನ ಇದೇ ಎಂಜಿನ್ ಕಾರು ಅದೇ ರಸ್ತೆಯಲ್ಲಿ 19 ಕೊಡುತ್ತಿತ್ತು. ಓಡಿಸಲು ಏನೂ ತೊಂದರೆ ಇರಲಿಲ್ಲ. ಪಿಕಪ್ ಸರಿ ಇತ್ತು, ಹೊಗೆ ಇರಲಿಲ್ಲ, ಚಳಿಯಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಡೀಸೆಲ್ ಮಾತ್ರ ನೀರಿನ ಹಾಗೆ ಕುಡಿಯುತ್ತಿತ್ತು.

ಎರಡು ಗ್ಯಾರೇಜ್‌ಗೆ ತೋರಿಸಿದೆ. ಇಬ್ಬರೂ ಬಾನೆಟ್ ಎತ್ತಿ, ಎಂಜಿನ್ ಶಬ್ದ ಕೇಳಿ ಒಂದೇ ಮಾತು ಹೇಳಿದರು: "ಇಂಜೆಕ್ಟರ್ ಹೋಗಿದೆ ಸಾರ್, ನಾಲ್ಕೂ ಬದಲಾಯಿಸಬೇಕು." ಇಂಜೆಕ್ಟರ್ ಅಂದರೆ ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ. ಒಬ್ಬರು ಹೇಳಿದ ಖರ್ಚು 48,000. ಯಾವ ಟೆಸ್ಟ್ ಮಾಡಿ ಇದು ಗೊತ್ತಾಯಿತು ಎಂದು ಕೇಳಿದರೆ ಉತ್ತರವಿಲ್ಲ. ಅಷ್ಟು ದುಡ್ಡು ಹಾಕುವ ಮೊದಲು ನಾನೇ ಒಂದೊಂದಾಗಿ ಅಳೆದು ನೋಡೋಣ ಎಂದು ತೀರ್ಮಾನಿಸಿದೆ. ಅದಕ್ಕೆ ಏಳು ತಿಂಗಳು ಹಿಡಿಯಿತು. ಈ ವಿಮರ್ಶೆಯಲ್ಲಿ ಹೆಚ್ಚಿನ ಪಾಲು ಆ ಏಳು ತಿಂಗಳ ಕಥೆಯೇ.

ಮೊದಲು ಅಳತೆಯ ವಿಷಯ. 500 ರೂಪಾಯಿಗೆ ಹಾಕಿಸಿ, ಲೈಟ್ ಬರುವವರೆಗೆ ಓಡಿಸಿ ಲೆಕ್ಕ ಹಾಕಿದರೆ ಸರಿಯಾದ ಅಂಕಿ ಬರುವುದಿಲ್ಲ. ನಾನು ಒಂದೇ ಬಂಕ್, ಒಂದೇ ಪಂಪ್ ಹಿಡಿದುಕೊಂಡೆ. ಟ್ಯಾಂಕ್ ತುಂಬಿ ಪಂಪ್ ತಾನಾಗೇ ನಿಂತ (ಆಟೋ ಕಟ್) ತಕ್ಷಣ ನಿಲ್ಲಿಸುವುದು, ಆಮೇಲೆ ಒಂದು ಹನಿಯೂ ಹಾಕಿಸುವುದಿಲ್ಲ. ಮೀಟರ್ ಓದಿ ಪುಸ್ತಕದಲ್ಲಿ ಬರೆಯುವುದು. ಕನಿಷ್ಠ ಮೂರು ಟ್ಯಾಂಕ್ ಆದ ಮೇಲೆ ಸರಾಸರಿ ನೋಡುವುದು. ಬಂಕ್ ಮೇಲೆ ಅನುಮಾನ ಇದ್ದರೆ ಅದನ್ನೂ ಅಲ್ಲೇ ಬಗೆಹರಿಸಿಕೊಳ್ಳಬಹುದು. ಪ್ರತಿ ಬಂಕ್‌ನಲ್ಲೂ ಮುದ್ರೆ ಹಾಕಿದ 5 ಲೀಟರ್ ಅಳತೆ ಪಾತ್ರೆ ಇರಬೇಕು, ಗ್ರಾಹಕರು ಕೇಳಿದರೆ ಅಳೆದು ತೋರಿಸಬೇಕು. ನಾನು ಕೇಳಿದೆ, ಬೇಸರವಿಲ್ಲದೆ ತೋರಿಸಿದರು. ಅಳತೆ ಸರಿಯಾಗಿತ್ತು.

ಆಮೇಲೆ ಟೈರ್. ಕಂಪನಿಯಿಂದ ಬಂದದ್ದು 165/80 ಆರ್14. ಹಳೆಯ ಮಾಲೀಕರು 15 ಇಂಚಿನ ಅಲಾಯ್ ಹಾಕಿಸಿ 195/65 ಟೈರ್ ಕೂರಿಸಿದ್ದರು. ನೋಡಲು ಚೆಂದವಿತ್ತು, ನಿಜ. ಆದರೆ ಆ ಟೈರಿನ ಸುತ್ತಳತೆ ಮೊದಲಿನದಕ್ಕಿಂತ ಸುಮಾರು ಶೇ 2.4 ಜಾಸ್ತಿ. ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರ್‌ಗೆ ಅದು ಗೊತ್ತಾಗುವುದಿಲ್ಲ. ಹೆದ್ದಾರಿಯ ಕಿಲೋಮೀಟರ್ ಕಲ್ಲು ಹಿಡಿದು ಪರೀಕ್ಷೆ ಮಾಡಿದೆ: ಕಲ್ಲಿನ ಪ್ರಕಾರ 42 ಕಿ.ಮೀ. ಆದಾಗ ನನ್ನ ಮೀಟರ್ 41 ತೋರಿಸುತ್ತಿತ್ತು. ಅಂದರೆ ನನ್ನ 13.4 ನಿಜವಾಗಿ 13.7. ದೊಡ್ಡ ವ್ಯತ್ಯಾಸ ಅಲ್ಲ, ಆದರೆ ಅಳತೆಯೇ ತಪ್ಪಿದ್ದರೆ ಮುಂದಿನದೆಲ್ಲ ತಪ್ಪು ಅಲ್ವಾ? ಜೊತೆಗೆ ಗಾಳಿ ಕಂಪನಿ ಹೇಳಿದ್ದಕ್ಕಿಂತ 6 ಪಿಎಸ್‌ಐ ಕಡಿಮೆ ಇತ್ತು. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ನೋಡಿದ್ದಕ್ಕೆ ಸಿಕ್ಕಿತು. ಓಡಿ ಬಿಸಿಯಾದ ಟೈರ್‌ನಲ್ಲಿ ಒತ್ತಡ ಜಾಸ್ತಿಯೇ ತೋರಿಸುತ್ತದೆ. ಏರ್ ಫಿಲ್ಟರ್ ತೆಗೆದರೆ ಕೆಂಪು ಧೂಳು ಗಟ್ಟಿಯಾಗಿ ಕೂತಿತ್ತು, ಅದನ್ನೂ ಬದಲಾಯಿಸಿದೆ. ಇಷ್ಟಕ್ಕೆ 14.3 ಬಂತು.

ಮುಂದಿನ ದಾರಿ ತೋರಿಸಿದ್ದು ಅಪ್ಪ. ಊರಿನ ಮನೆಗೆ ಹೋಗುವ ದಾರಿ ಸ್ವಲ್ಪ ಇಳಿಜಾರು. ಗೇಟ್ ತೆಗೆಯಲು ಅಲ್ಲಿ ಗಾಡಿ ನಿಲ್ಲಿಸಿದ್ದೆ, ನ್ಯೂಟ್ರಲ್‌ನಲ್ಲಿತ್ತು, ಬ್ರೇಕ್ ಮೇಲಿಂದ ಕಾಲು ತೆಗೆದಿದ್ದೆ. ಅಪ್ಪ ಅಡಿಕೆ ಅಂಗಳದಿಂದಲೇ ನೋಡುತ್ತಿದ್ದರು. "ಅಲ್ಲಾ ಮಾರಾಯ, ಈ ಇಳಿಜಾರಲ್ಲಿ ನಮ್ಮ ಟಿಲ್ಲರ್ ಸಹ ನಿಲ್ಲಲ್ಲ. ನಿನ್ನ ಕಾರು ಹೆಂಗೆ ನಿಂತಿದೆ?" ಎಂದರು. ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು.

ಮರುದಿನ 20 ಕಿ.ಮೀ. ಓಡಿಸಿದೆ. ಕೊನೆಯಲ್ಲಿ ಬ್ರೇಕ್ ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ. ಎಡ ಮುಂದಿನ ಚಕ್ರದ ಹತ್ತಿರ ಕೈ ಇಡಲು ಆಗದಷ್ಟು ಕಾವು. ಬಲಗಡೆ ಬೆಚ್ಚಗಿತ್ತು ಅಷ್ಟೆ. ಹಿಂದಿನ ಬಲ ಡ್ರಮ್ ಕೂಡ ಬಿಸಿ. (ದಯವಿಟ್ಟು ಡಿಸ್ಕ್ ಮುಟ್ಟಲು ಹೋಗಬೇಡಿ, ಸುಡುತ್ತದೆ. ಹತ್ತಿರ ಕೈ ಹಿಡಿದರೆ ಸಾಕು, ಗೊತ್ತಾಗುತ್ತದೆ.) ಸಾಗರದ ಹಿರಿಯ ಮೆಕ್ಯಾನಿಕ್ ಒಬ್ಬರು ಜಾಕ್ ಹಾಕಿ ಚಕ್ರವನ್ನು ಕೈಯಲ್ಲಿ ತಿರುಗಿಸಿದರು. ಕಾಲು ಸುತ್ತಿಗೇ ನಿಂತಿತು. "ಬ್ರೇಕ್ ಹಿಡಿದುಕೊಂಡೇ ಓಡ್ತಿದೆ ಮಾರಾಯ್ರೆ, ಎಂಜಿನ್ ಏನು ಮಾಡುತ್ತೆ ಪಾಪ" ಎಂದರು. ಮುಂದಿನ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ) ಜಾರುವ ಪಿನ್‌ಗಳು ಗ್ರೀಸ್ ಒಣಗಿ ತುಕ್ಕು ಹಿಡಿದಿದ್ದವು. ಹಿಂದೆ ಹ್ಯಾಂಡ್ ಬ್ರೇಕ್ ಕೇಬಲ್ ಒಳಗೇ ಬಿಗಿದುಕೊಂಡು, ಲಿವರ್ ಕೆಳಗಿಳಿಸಿದರೂ ಲೈನರ್ ಪೂರ್ತಿ ಬಿಡುತ್ತಿರಲಿಲ್ಲ. ಮಲೆನಾಡಿನ ಮಳೆಯಲ್ಲಿ ಹ್ಯಾಂಡ್ ಬ್ರೇಕ್ ಎಳೆದು ದಿನಗಟ್ಟಲೆ ನಿಲ್ಲಿಸಿದ ಗಾಡಿಗಳಿಗೆ ಇದು ಮಾಮೂಲು ಎಂದು ಅವರೇ ಹೇಳಿದರು. ಪಿನ್ ಸ್ವಚ್ಛ ಮಾಡಿ, ಬ್ರೇಕ್‌ಗೆಂದೇ ಇರುವ ಗ್ರೀಸ್ ಹಚ್ಚಿ, ಹೊಸ ಪ್ಯಾಡ್, ಹೊಸ ಕೇಬಲ್ ಹಾಕಿಸಿದ್ದಕ್ಕೆ ಆದದ್ದು 3,800 ರೂಪಾಯಿ. ಮೈಲೇಜ್ 16.8ಕ್ಕೆ ಏರಿತು. ಎರಡೂವರೆ ವರ್ಷದಲ್ಲಿ ಇದಕ್ಕಿಂತ ಬೆಲೆಬಾಳುವ ರಿಪೇರಿ ನಾನು ಮಾಡಿಸಿಲ್ಲ.

ಆದರೂ ಸ್ನೇಹಿತನ 19ಕ್ಕೆ ಎರಡು ಕಡಿಮೆಯೇ ಇತ್ತು. ಆಗ 850 ರೂಪಾಯಿ ಕೊಟ್ಟು ಬ್ಲೂಟೂತ್ ಒಬಿಡಿ ಸ್ಕ್ಯಾನರ್ ತಂದೆ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿದರೆ ಎಂಜಿನ್ ಅಂಕಿಗಳು ಫೋನಿಗೆ ಬರುತ್ತವೆ. 2013ರ ಏಪ್ರಿಲ್ ನಂತರದ ಬಿಎಸ್4 ಕಾರುಗಳಿಗೆ ಒಬಿಡಿ-2 ಕಡ್ಡಾಯವಾಗಿದ್ದರಿಂದ ನನ್ನ ಗಾಡಿಯಲ್ಲೂ ಅದು ಇದೆ. ಇದು ಒಳ್ಳೆಯ ಸಾಧನ, ಆದರೆ ಒಂದು ಎಚ್ಚರಿಕೆ. ಆ್ಯಪ್ ತೋರಿಸುವ ಮೈಲೇಜ್ ಅಂಕಿಯನ್ನು ಡೀಸೆಲ್ ಗಾಡಿಯಲ್ಲಿ ನಂಬಬೇಡಿ. ಬಹಳಷ್ಟು ಆ್ಯಪ್‌ಗಳು ಒಳಗೆ ಹೋದ ಗಾಳಿಯನ್ನು ನೋಡಿ ಇಂಧನ ಎಷ್ಟು ಎಂದು ಲೆಕ್ಕ ಹಾಕುತ್ತವೆ. ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿಗೂ ಪೆಟ್ರೋಲ್‌ಗೂ ಹೆಚ್ಚುಕಡಿಮೆ ಗೊತ್ತಾದ ಪ್ರಮಾಣ ಇರುತ್ತದೆ. ಡೀಸೆಲ್ ಎಂಜಿನ್ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಎಳೆಯುತ್ತದೆ, ಆ ಲೆಕ್ಕ ಇಲ್ಲಿ ಕೂಡುವುದಿಲ್ಲ. ಅಗ್ಗದ ಸ್ಕ್ಯಾನರ್ ಅನ್ನು ಸಾಕೆಟ್‌ನಲ್ಲೇ ಬಿಟ್ಟರೆ ಬ್ಯಾಟರಿ ಇಳಿಯುತ್ತದೆ, ಕೆಲಸ ಮುಗಿದ ಮೇಲೆ ಕಿತ್ತಿಡಿ.

ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿದೆ. ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಹೋಗುವ ಕೊಳವೆ) ಒತ್ತಡ 95 ಕಿಲೋ ಪಾಸ್ಕಲ್ ತೋರಿಸಿತು. ಶಿವಮೊಗ್ಗದ ಎತ್ತರಕ್ಕೆ ಹೊರಗಿನ ಗಾಳಿಯ ಒತ್ತಡವೂ ಅಷ್ಟೇ, ಅಂದರೆ ಸೆನ್ಸರ್ ಸರಿ ಇದೆ. ಏರುದಾರಿಯಲ್ಲಿ, ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊದ ಒತ್ತಡವೂ ಸರಿಯಾಗಿ ಏರುತ್ತಿತ್ತು. ಇಂಟರ್‌ಕೂಲರ್ ಹೋಸ್‌ನಲ್ಲಿ ಬಿರುಕು, ಎಣ್ಣೆ ಜಿನುಗು ಇರಲಿಲ್ಲ. ಆದರೆ ಕೂಲೆಂಟ್ (ಎಂಜಿನ್ ತಂಪಾಗಿಸುವ ದ್ರವ) ಟೆಂಪರೇಚರ್ ನೋಡಿ ಬೆಚ್ಚಿದೆ. ಅರ್ಧ ಗಂಟೆ ಓಡಿದರೂ 71 ಡಿಗ್ರಿ ದಾಟಲಿಲ್ಲ. ಮಳೆಯಲ್ಲಿ ಇಳಿಜಾರು ಸಿಕ್ಕರೆ 62ಕ್ಕೆ ಇಳಿಯುತ್ತಿತ್ತು. ಈ ಎಂಜಿನ್ 90ರ ಆಸುಪಾಸಿನಲ್ಲಿ ಇರಬೇಕು. ನನ್ನ ಗಾಡಿಯಲ್ಲಿ ಟೆಂಪರೇಚರ್ ಮುಳ್ಳಿಲ್ಲ, ಅತಿಯಾಗಿ ಬಿಸಿಯಾದರೆ ಮಾತ್ರ ಕೆಂಪು ದೀಪ ಬರುತ್ತದೆ. ತಣ್ಣಗೇ ಓಡುತ್ತಿದ್ದರೆ ಹೇಳುವವರು ಯಾರೂ ಇಲ್ಲ.

ಎಂಜಿನ್ ತಣ್ಣಗಿದ್ದರೆ ಎಣ್ಣೆ ದಪ್ಪಗಿರುತ್ತದೆ, ಒಳಗಿನ ಉಜ್ಜಾಟ ಜಾಸ್ತಿ. ಕಂಪ್ಯೂಟರ್ ಕೂಡ ಎಂಜಿನ್ ಇನ್ನೂ ಬಿಸಿಯಾಗುತ್ತಿದೆ ಎಂದೇ ತಿಳಿದು ಅದರ ಪ್ರಕಾರ ಡೀಸೆಲ್ ಬಿಡುತ್ತದೆ. ಸ್ಕ್ಯಾನರ್ ಇಲ್ಲದವರೂ ಇದನ್ನು ನೋಡಬಹುದು. ಬೆಳಿಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರ್‌ಗೆ ಹೋಗುವ ಮೇಲಿನ ಹೋಸ್ ಮುಟ್ಟಿ. ಸುಮಾರು ಹೊತ್ತು ತಣ್ಣಗಿದ್ದು ಆಮೇಲೆ ಬೇಗ ಬಿಸಿಯಾದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುವ ವಾಲ್ವ್) ಸರಿ ಇದೆ. ಮೊದಲಿನಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತಾ ಬಂದರೆ ಅದು ತೆರೆದೇ ಇದೆ ಎಂದರ್ಥ. ಬೆಲ್ಟ್, ಫ್ಯಾನ್ ಹತ್ತಿರ ಮಾತ್ರ ಕೈ ಹೋಗದಂತೆ ನೋಡಿಕೊಳ್ಳಿ.

ಥರ್ಮೋಸ್ಟಾಟ್ ಕೂರುವ ಹೌಸಿಂಗ್ ಬಿಚ್ಚಿಸಿದಾಗ ಒಳಗೆ ವಾಲ್ವ್ ಇರಲೇ ಇಲ್ಲ. ಹಿಂದೆ ಯಾರೋ ಕತ್ತರಿಸಿ ತೆಗೆದಿದ್ದರು. ಗಾಡಿ ಹೀಟ್ ಆಗುತ್ತದೆ ಎಂದರೆ ಥರ್ಮೋಸ್ಟಾಟ್ ಕಿತ್ತು ಬಿಡುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಹೊಸದು ಹಾಕಲು ಹೊರಟವರನ್ನು ನಾನು ತಡೆದೆ. ಹೀಟ್ ಆಗುತ್ತಿದ್ದುದಕ್ಕೆ ಕಾರಣವೇನು? ಅದು ಹಾಗೇ ಉಳಿದಿದ್ದರೆ ಹೊಸ ಥರ್ಮೋಸ್ಟಾಟ್ ಹಾಕಿದ ಮೇಲೆ ಮತ್ತೆ ಹೀಟ್ ಆಗಬಹುದು, ಎಂಜಿನ್ ಹೆಡ್‌ಗೇ ಪೆಟ್ಟು ಬೀಳಬಹುದು. ರೇಡಿಯೇಟರ್ ಇಳಿಸಿ ನೋಡಿದರೆ ಎಸಿ ಕಂಡೆನ್ಸರ್‌ಗೂ ಅದಕ್ಕೂ ನಡುವೆ ಕೆಸರು, ಹುಲ್ಲಿನ ಚೂರು, ಸತ್ತ ಹುಳ ಅರ್ಧ ಭಾಗ ಮುಚ್ಚಿಕೊಂಡಿದ್ದವು. ಎರಡನ್ನೂ ಮೆಲ್ಲಗೆ ನೀರು ಬಿಟ್ಟು ತೊಳೆಸಿ, ಕ್ಯಾಪ್ ಬದಲಾಯಿಸಿ, ಸರಿಯಾದ ಕೂಲೆಂಟ್ ತುಂಬಿಸಿ, ಆಮೇಲೆ ಹೊಸ ಥರ್ಮೋಸ್ಟಾಟ್ ಹಾಕಿಸಿದೆ. ಎಲ್ಲ ಸೇರಿ 4,600. ಈಗ ಟೆಂಪರೇಚರ್ 87ರಿಂದ 92ರ ನಡುವೆ ನಿಲ್ಲುತ್ತದೆ. ತರೀಕೆರೆ ದಾಟಿ ಕಡೂರು ಕಡೆ ಬೇಸಿಗೆಯಲ್ಲಿ ಎಸಿ ಹಾಕಿ ಹೋದರೂ ಅಷ್ಟೇ. ಮೈಲೇಜ್ 18.5.

ಇಂಜೆಕ್ಟರ್ ಬಗ್ಗೆ ಇದ್ದ ಅನುಮಾನವನ್ನೂ ಬಿಡಲಿಲ್ಲ. ಡೀಸೆಲ್ ಪಂಪ್ ಅಂಗಡಿಯಲ್ಲಿ 800 ರೂಪಾಯಿಗೆ ರಿಟರ್ನ್ ಟೆಸ್ಟ್ ಮಾಡಿದರು. ಪ್ರತಿ ಇಂಜೆಕ್ಟರ್‌ನ ರಿಟರ್ನ್ ಪೈಪ್‌ಗೆ ಒಂದೊಂದು ಸಣ್ಣ ಬಾಟಲಿ ಕಟ್ಟಿ ಎಂಜಿನ್ ಓಡಿಸುತ್ತಾರೆ. ಒಂದು ಬಾಟಲಿ ಉಳಿದವಕ್ಕಿಂತ ಬೇಗ ತುಂಬಿದರೆ ಆ ಇಂಜೆಕ್ಟರ್ ಸೋರುತ್ತಿದೆ. ನನ್ನದರಲ್ಲಿ ನಾಲ್ಕೂ ಹೆಚ್ಚುಕಡಿಮೆ ಒಂದೇ ಮಟ್ಟ. ಇಂಜೆಕ್ಟರ್ ಎಂದೂ ಕೆಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಸ್ಟಾರ್ಟ್ ಆಗಲು ಹೊತ್ತು ಹಿಡಿಯುವುದು, ನಿಂತಲ್ಲೇ ಗಾಡಿ ನಡುಗುವುದು, ಹೊಗೆ ಬರುವುದು, ಇವೆಲ್ಲ ಇದ್ದರೆ ಖಂಡಿತ ನೋಡಿಸಿ. ಆದರೆ 800 ರೂಪಾಯಿಯ ಟೆಸ್ಟ್ ಮಾಡದೆ 48,000 ಕೇಳುವವರಿಗೆ ಗಾಡಿ ಬಿಟ್ಟು ಬರಬೇಡಿ.

2024ರಲ್ಲಿ ಟೈರ್ ಸವೆದಾಗ ಮತ್ತೆ 14 ಇಂಚಿನ ಮೂಲ ಅಳತೆಗೇ ಬಂದೆ. ಈಗ ಸರಾಸರಿ 19.4. ಬೆಂಗಳೂರು ಟ್ರಿಪ್‌ಗೆ 80ರ ವೇಗದಲ್ಲಿ ಹೋದರೆ 21 ದಾಟುತ್ತದೆ, ಊರೊಳಗೆ ಹಂಪ್, ಸಿಗ್ನಲ್ ಮಧ್ಯೆ 16. ಡೀಸೆಲ್ 91 ರೂಪಾಯಿ ಇರುವಾಗ ನನ್ನ ಓಡಾಟಕ್ಕೆ ತಿಂಗಳಿಗೆ ಸುಮಾರು 30 ಲೀಟರ್ ಉಳಿತಾಯ, ಅಂದರೆ 2,700 ರೂಪಾಯಿ ಮೇಲೆ.

ಉಳಿದಂತೆ ಗಾಡಿ ಹೇಗಿದೆ? ತುಂಬಾ ಇಷ್ಟವಾಗಿದೆ. 2,000 ಆರ್‌ಪಿಎಂ ದಾಟಿದರೆ ಐದು ಜನ ಕೂತರೂ ಏರು ಗೊತ್ತಾಗುವುದಿಲ್ಲ. 1,800ರ ಕೆಳಗೆ ಮಾತ್ರ ಸೋಮಾರಿ, ಟರ್ಬೊ ಏಳುವವರೆಗೆ ಗೇರ್ ಇಳಿಸಲೇಬೇಕು. ಹಿಂದಿನ ಸೀಟಿನಲ್ಲಿ ಅಮ್ಮನಿಗೆ ಸೊಂಟ ನೋಯುತ್ತದೆ, ದಿಂಬು ಕೊಡುತ್ತೇನೆ. ಬಿಡಿಭಾಗ ಸಾಗರದಲ್ಲೂ ಸಿಗುತ್ತವೆ. ದಿನಕ್ಕೆ ನಾಲ್ಕೈದು ಕಿ.ಮೀ. ಮಾತ್ರ ಓಡಿಸುವವರು ಯಾವ ಡೀಸೆಲ್ ಗಾಡಿಯನ್ನೂ ಕೊಳ್ಳಬೇಡಿ. ಎಂಜಿನ್ ಬಿಸಿಯಾಗುವ ಮೊದಲೇ ಮನೆ ಬಂದಿರುತ್ತದೆ. ಬಿಎಸ್6 ಡೀಸೆಲ್ ಆದರೆ ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ಸುಟ್ಟು ಸ್ವಚ್ಛ ಮಾಡಿಕೊಳ್ಳಲು ದೂರದ ಓಟ ಬೇಕು, ಅದಕ್ಕೆ ಬೇರೆ ಡೀಸೆಲ್ ಖರ್ಚಾಗುತ್ತದೆ. ತಿಂಗಳಿಗೆ ಸಾವಿರ ಕಿ.ಮೀ. ಮೇಲೆ ಓಡಾಟ ಇರುವವರು ಧೈರ್ಯವಾಗಿ ನೋಡಬಹುದು.

ನೋಡಲು ಹೋದಾಗ ಎಂಜಿನ್ ತಣ್ಣಗಿರುವಾಗಲೇ ಹೋಗಿ. ಮೇಲಿನ ಹೋಸ್ ಮುಟ್ಟಿ ನೋಡಿ. ಟೆಸ್ಟ್ ಡ್ರೈವ್ ಮುಗಿಸಿ ಬಂದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ. ಹತ್ತಿರದಲ್ಲಿ ಸ್ವಲ್ಪ ಇಳಿಜಾರು ಇದ್ದರೆ, ಸುತ್ತ ಯಾರೂ ಇಲ್ಲ ಎಂದು ನೋಡಿಕೊಂಡು, ನ್ಯೂಟ್ರಲ್ ಮಾಡಿ ಬ್ರೇಕ್ ಬಿಡಿ. ಗಾಡಿ ತಾನಾಗಿ ಹೊರಡಬೇಕು.