ಎಡಕ್ಕೆ ಫೈಬರ್, ಬಲಕ್ಕೆ ವೆಲ್ಡಿಂಗ್: ಒಂದೇ ಮಾರುತಿ 800, ಎರಡು ರಿಪೇರಿ

ನಮ್ಮ ಮನೆಯ ಮಾರುತಿ 800 ಒಂದು 2004ರ ಗಾಡಿ. 2012ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಎಂಜಿನ್ ಬಗ್ಗೆ ಇವತ್ತಿಗೂ ಒಂದು ದೂರಿಲ್ಲ. 796 ಸಿಸಿ, ಮೂರು ಸಿಲಿಂಡರ್, ಎಂಥಾ ಮಳೆಯಲ್ಲೂ ಒಂದೇ ಸೆಲ್ಫಿಗೆ ಸ್ಟಾರ್ಟ್. ಕಷ್ಟ ಇರುವುದು ಬಾಡಿಯಲ್ಲಿ. ನಾವಿರುವುದು ಕುಂದಾಪುರದ ಹತ್ತಿರ. ವಾರಕ್ಕೆ ಎರಡು ಸಲವಾದರೂ ಬೈಂದೂರಿಗೆ ಹೋಗಬೇಕು, ಅಂದರೆ ಮರವಂತೆ ದಾಟಬೇಕು. ಅಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಜೂನ್ ತಿಂಗಳಲ್ಲಿ ಕಡಲು ಎದ್ದರೆ ಉಪ್ಪುನೀರಿನ ಹನಿ ಮುಂದಿನ ಗಾಜಿನ ಮೇಲೇ ಬೀಳುತ್ತದೆ. ಈ ಕಾರಿನ ತಗಡು ಮೊದಲೇ ತೆಳು. ಉಪ್ಪು ಸೇರಿದ ನೀರು ಒಳಗೆ ನಿಂತರೆ ಅದು ತಾಳುವುದಾದರೂ ಹೇಗೆ?

2016ರ ಮಳೆಗಾಲದಲ್ಲಿ ಡ್ರೈವರ್ ಸೀಟಿನ ಮುಂದಿನ ಕಾರ್ಪೆಟ್ ಯಾವಾಗ ನೋಡಿದರೂ ಒದ್ದೆ. ಬಾಗಿಲಿನ ರಬ್ಬರ್ ಸೋರುತ್ತಿದೆ ಅಂದುಕೊಂಡಿದ್ದೆ. ಕಾರ್ಪೆಟ್ ಎತ್ತಿ ನೋಡಿದರೆ ಕೆಳಗಿನ ಡಾಂಬರು ರಸ್ತೆ ಕಾಣುತ್ತಿತ್ತು. ಎರಡೂ ಕಡೆಯ ರನ್ನಿಂಗ್ ಬೋರ್ಡ್, ಅಂದರೆ ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೊಳ್ಳು ತಗಡು, ಒಳಗಿಂದ ತಿಂದುಹೋಗಿತ್ತು. ಹೊರಗೆ ಕಂಡಿದ್ದು ಪೇಂಟಿನ ಮೇಲೆ ಎರಡು ಮೂರು ಗುಳ್ಳೆ ಮಾತ್ರ. ಕಬ್ಬಿಣ ತುಕ್ಕಾದರೆ ಉಬ್ಬುತ್ತದೆ, ಮೊದಲಿಗಿಂತ ಹೆಚ್ಚು ಜಾಗ ಕೇಳುತ್ತದೆ. ಆ ಉಬ್ಬೇ ಪೇಂಟನ್ನು ಎತ್ತುವುದು. ಹಾಗಾಗಿ ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ತಗಡು ಬಹುಪಾಲು ಹೋಗಿರುತ್ತದೆ.

ಎರಡೂ ಕಡೆ ವೆಲ್ಡಿಂಗ್ ಮಾಡಿಸುವಷ್ಟು ದುಡ್ಡು ಆಗ ಇರಲಿಲ್ಲ. ನೆಲವೂ ತೂತಾಗಿದ್ದ ಬಲಗಡೆಯನ್ನು ಒಬ್ಬ ಟಿಂಕರ್ ಹತ್ತಿರ ಕತ್ತರಿಸಿ ವೆಲ್ಡಿಂಗ್ ಮಾಡಿಸಿದೆ. ಎಡಗಡೆಗೆ ಬೇರೊಂದು ಗ್ಯಾರೇಜಿನಲ್ಲಿ ಫೈಬರ್: ಗಾಜಿನ ನಾರಿನ ಮ್ಯಾಟನ್ನು ರೆಸಿನ್ ಅನ್ನುವ ಅಂಟಿನಲ್ಲಿ ಅಂಟಿಸಿ, ಮೇಲೆ ಪುಟ್ಟಿ ಮೆತ್ತಿದರು. ಬಲಕ್ಕೆ ಏಳು ಸಾವಿರ, ಎಡಕ್ಕೆ ಎರಡೂವರೆ ಸಾವಿರ. ಎರಡೂ 2017ರ ಏಪ್ರಿಲ್‌ನಲ್ಲಿ ಮುಗಿದವು. ಒಂದೇ ಕಾರು, ಒಂದೇ ರಸ್ತೆ, ಒಂದೇ ಮಳೆ. ಅಂದುಕೊಳ್ಳದೆಯೇ ಒಂದು ಪರೀಕ್ಷೆ ಶುರುವಾಗಿತ್ತು.

ಮೊದಲ ವರ್ಷ ಎಡಗಡೆಯೇ ಚೆಂದ ಕಾಣುತ್ತಿತ್ತು. ಪುಟ್ಟಿ ಉಜ್ಜಿ ನುಣ್ಣಗೆ ಮಾಡಿದ್ದರು. ಬಲಗಡೆ ಬೆರಳಾಡಿಸಿದರೆ ವೆಲ್ಡಿಂಗ್ ಕಲೆ ಕೈಗೆ ಸಿಗುತ್ತಿತ್ತು. ಎರಡನೇ ಮಳೆಗಾಲದಲ್ಲಿ ಫೈಬರಿನ ಅಂಚಿಗೆ ಕೂದಲೆಳೆಯಷ್ಟು ಬಿರುಕು ಬಂತು. ಬಿಸಿಲಿಗೆ ತಗಡು ಹಿಗ್ಗುವುದು ಒಂದು ಲೆಕ್ಕ, ರೆಸಿನ್ ಹಿಗ್ಗುವುದು ಇನ್ನೊಂದು ಲೆಕ್ಕ. ಅಲ್ಲಿ ಬಿಟ್ಟ ಸಂದಿನಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇರುವುದಿಲ್ಲ. ಮೇಲಾಗಿ ಆ ಗ್ಯಾರೇಜಿನವರು ಹಳೆಯ ತುಕ್ಕನ್ನು ಪೂರ್ತಿ ತೆಗೆದಿರಲಿಲ್ಲ, ಅದರ ಮೇಲೇ ಮ್ಯಾಟ್ ಅಂಟಿಸಿದ್ದರು. ಒಳಗೆ ತುಕ್ಕು ಸುಮ್ನೆ ಕೂತಿರಲಿಲ್ಲ.

2019ರ ಆಗಸ್ಟ್. ತ್ರಾಸಿ ಹತ್ತಿರ ಎಡಗಡೆಯ ಹಿಂದಿನ ಟೈರ್ ಪಂಕ್ಚರ್. ಜಾಕ್ ಇಟ್ಟು ಎತ್ತಿದೆ. ಕಾರು ಒಂದು ಬೆರಳಿನಷ್ಟು ಎದ್ದಿತು, ಆಮೇಲೆ ಕರಕರ ಸದ್ದು. ಜಾಕ್ ರನ್ನಿಂಗ್ ಬೋರ್ಡ್ ಒಳಕ್ಕೇ ಹೊಕ್ಕಿತು. ಚಕ್ರ ಇನ್ನೂ ಬಿಚ್ಚಿರಲಿಲ್ಲ, ಕೈ ಕೆಳಗಿರಲಿಲ್ಲ, ಬದುಕಿದೆ. ಈ ಕಾರಿಗೆ ಲಾರಿಗಿರುವಂತೆ ಬೇರೆ ಚಾಸಿ (ಅಡಿಯ ಚೌಕಟ್ಟು) ಇಲ್ಲ, ಬಾಡಿಯೇ ಚಾಸಿ. ರನ್ನಿಂಗ್ ಬೋರ್ಡ್ ಅಲಂಕಾರಕ್ಕಿರುವ ಪಟ್ಟಿಯಲ್ಲ, ಭಾರ ಹೊರುವ ತೊಲೆ. ಅಲ್ಲಿ ಫೈಬರ್ ಹಾಕುವುದು ತಪ್ಪು. ಖರ್ಚು ಕಮ್ಮಿ ಅಂತ ಯಾರೇ ಹೇಳಿದರೂ ಒಪ್ಪಬೇಡಿ.

ಅಕ್ಟೋಬರಿನಲ್ಲಿ ಗಾಡಿಗೆ ಹದಿನೈದು ವರ್ಷ ತುಂಬುತ್ತಿತ್ತು, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕಿತ್ತು. ಎಡಗಡೆಯನ್ನೂ ಕತ್ತರಿಸಿ ವೆಲ್ಡಿಂಗ್ ಮಾಡಿಸಿದೆ. ಅಷ್ಟರಲ್ಲಿ ತುಕ್ಕು ಒಳಗಿನ ಪದರಕ್ಕೂ ಹರಡಿತ್ತು. ಎರಡು ವರ್ಷದ ಹಿಂದೆ ಏಳು ಸಾವಿರದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಹನ್ನೊಂದು ಸಾವಿರ ಕೊಟ್ಟೆ. ಫೈಬರಿನ ಎರಡೂವರೆ ಬೇರೆ.

ಹಾಗಂತ ವೆಲ್ಡಿಂಗ್ ಮಾಡಿಸಿದ ಕೂಡಲೇ ನೆಮ್ಮದಿ ಅಂತ ಅಲ್ಲ. ಟಿಂಕರ್ ಹೇಗೆ ಕೆಲಸ ಮಾಡುತ್ತಾರೆ ಅನ್ನುವುದನ್ನು ನಿಂತು ನೋಡಬೇಕು. ನಮ್ಮ ಟಿಂಕರ್ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಿ, ‘ಟಣ್’ ಅನ್ನುವ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿದರು. ತೂತು ಮೊದಲು ಅಂಗೈಯಷ್ಟಿತ್ತು, ಕತ್ತರಿಸಿ ಮುಗಿದಾಗ ಮೊಳದುದ್ದ ಆಗಿತ್ತು. ನೋಡಿ ಎದೆ ಧಸಕ್ಕೆಂದಿತು, ಆದರೆ ಅದೇ ಸರಿ. ನಾನು ಸತು ಲೇಪಿಸಿದ ಜಿಐ ಶೀಟ್ ಕೊಂಡೊಯ್ದಿದ್ದೆ. ಸತುವಿನ ಹೊಗೆ ಒಳ್ಳೆಯದಲ್ಲ, ವೆಲ್ಡಿಂಗೂ ಸರಿಯಾಗಿ ಕೂರುವುದಿಲ್ಲ ಅಂತ ಅದನ್ನು ವಾಪಸ್ ಕಳಿಸಿ, ಸತುವಿಲ್ಲದ ಬರೀ ಉಕ್ಕಿನ 20 ಗೇಜಿನ ಸಿಆರ್ ಶೀಟ್ ತರಿಸಿದರು. ಗ್ಯಾಸ್ ವೆಲ್ಡಿಂಗಿಗೆ ತೆಳು ತಗಡು ಸೊಟ್ಟಗಾಗುತ್ತದೆ, ಸಿಓಟು (CO2 ಅನಿಲದ ಆಸರೆಯಲ್ಲಿ ಕರೆಂಟಿನಿಂದ ಮಾಡುವ) ವೆಲ್ಡಿಂಗ್ ಆಗಬೇಕು. ಅದೂ ಒಂದೇ ಗೆರೆಯಲ್ಲಿ ಎಳೆಯದೆ ಅಲ್ಲೊಂದು ಇಲ್ಲೊಂದು ಚುಕ್ಕೆ ಇಟ್ಟು, ತಣಿಯಲು ಬಿಟ್ಟು, ಆಮೇಲೆ ಕೂಡಿಸಬೇಕು. ಬ್ಯಾಟರಿ ಕನೆಕ್ಷನ್ ಬಿಚ್ಚಿ, ಕಾರ್ಪೆಟ್ ಪೂರ್ತಿ ಹೊರಗೆ ತೆಗೆದು, ಪಕ್ಕದಲ್ಲಿ ಒದ್ದೆ ಗೋಣಿ ಇಟ್ಟುಕೊಂಡೇ ಶುರುಮಾಡಿದರು. ಪೆಟ್ರೋಲ್ ಪೈಪ್ ನೆಲದ ಕೆಳಗೇ ಹೋಗುತ್ತದೆ ಅಲ್ವಾ?

ಒಂದು ಕೆಲಸ ಮಾತ್ರ ಬಿಟ್ಟುಹೋಗಿತ್ತು. ವೆಲ್ಡಿಂಗ್ ಶಾಖಕ್ಕೆ ತಗಡಿನ ಹಿಂಬದಿಯ ಪೇಂಟ್ ಸುಟ್ಟುಹೋಗುತ್ತದೆ. ಹೊರಗೆ ಪ್ರೈಮರ್ ಹೊಡೆದೆವು, ಒಳಗೆ ಬರೀ ತಗಡು. 2019ರಲ್ಲಿ ಬಲಗಡೆಯ ವೆಲ್ಡಿಂಗ್ ಗೆರೆಯ ಮೇಲೂ ಕೆಂಪು ಕಾಣಿಸಿತು. ಆಮೇಲೆ ರನ್ನಿಂಗ್ ಬೋರ್ಡಿನ ರಬ್ಬರ್ ಬಿರಡೆ ತೆಗೆದು, ಉದ್ದ ಟ್ಯೂಬಿನ ಸ್ಪ್ರೇಯಲ್ಲಿ ಎರಡೂ ಕಡೆ ಒಳಗೆ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಹೊಡೆದೆ. ತುಕ್ಕು ಅಲ್ಲಿಗೇ ನಿಂತಿತು.

ಫೈಬರ್ ಎಲ್ಲೂ ಬೇಡ ಅಂತಲೂ ಹೇಳಲಾರೆ. ಬ್ಯಾಟರಿ ಟ್ರೇಗೆ ತುಕ್ಕು ಪೂರ್ತಿ ಕೆರೆದು ಹಾಕಿದ ಎರಡು ಪದರ ಇವತ್ತಿಗೂ ಗಟ್ಟಿ ಇದೆ. ಪೇಂಟನ್ನು ತಿನ್ನುವ ಆಸಿಡ್ ರೆಸಿನ್ನಿಗೆ ಅಷ್ಟು ಬೇಗ ಏನೂ ಮಾಡುವುದಿಲ್ಲ. ಮುಂದಿನ ಫೆಂಡರ್ ಕೊಳೆತರೆ ಈ ಚರ್ಚೆಯೇ ಬೇಡ. ಅದು ಬೋಲ್ಟಿನ ಮೇಲೆ ನಿಂತಿರುವುದು, ಬಿಚ್ಚಿ ಹೊಸದು ಹಾಕಿ. ಬಾಗಿಲ ಕೆಳಗಿನ ಅಂಚಿಗೆ ರಸ್ಟ್ ಕನ್ವರ್ಟರ್, ಅಂದರೆ ತುಕ್ಕನ್ನೇ ಗಟ್ಟಿ ಪದರವಾಗಿ ಮಾರ್ಪಡಿಸುವ ದ್ರವ, ಹಚ್ಚಿ ನೋಡಿದೆ. ಮೇಲ್ಮೈಯ ತೆಳು ತುಕ್ಕು ಕಪ್ಪಾಗಿ ನಿಂತಿತು. ಪದರ ಪದರವಾಗಿ ಏಳುವ ತುಕ್ಕಿಗೆ ಅದು ಪ್ರಯೋಜನವಿಲ್ಲ.

ಇನ್ನು ಅಡಿಭಾಗದ ಕೋಟಿಂಗ್. ಇಲ್ಲಿ ಬೇಕೆಂದೇ ಹಂಚಿ ನೋಡಿದೆ. 2019ರ ಕೊನೆಗೆ ಮುಂದಿನ ಅರ್ಧಕ್ಕೆ ಗ್ಯಾರೇಜಿನಲ್ಲಿ ಡಾಂಬರು-ರಬ್ಬರಿನ ಕಪ್ಪು ಕೋಟಿಂಗ್, ಹಿಂದಿನ ಅರ್ಧಕ್ಕೆ ನಾನೇ ಮಲಗಿ ಹಚ್ಚಿದ ವ್ಯಾಕ್ಸ್. ಮೂರು ಮಳೆಗಾಲ ಕಳೆದ ಮೇಲೆ ರ‍್ಯಾಂಪಿಗೆ ಹತ್ತಿಸಿ ನೋಡಿದೆವು. ಮುಂದಿನ ಅರ್ಧ ದೂರದಿಂದ ಹೊಸದರಂತೆ ಇತ್ತು. ಸ್ಕ್ರೂಡ್ರೈವರಿನಲ್ಲಿ ಒಂದು ಕಡೆ ಕೆದಕಿದರೆ ಅಂಗೈ ಅಗಲದ ಹಾಳೆ ಎದ್ದು ಬಂತು, ಕೆಳಗೆ ಕಂದು ಪುಡಿ. ಕಲ್ಲು ಬಡಿದು ಬಿರುಕು ಬಿಟ್ಟಲ್ಲೆಲ್ಲ ನೀರು ಹೊಕ್ಕಿತ್ತು. ಕೋಟಿಂಗ್ ತಗಡನ್ನಲ್ಲ, ತುಕ್ಕನ್ನು ಮುಚ್ಚಿ ಕಾಪಾಡಿತ್ತು, ಅಷ್ಟೇ. ವ್ಯಾಕ್ಸ್ ಹಚ್ಚಿದ ಕಡೆ ನೋಡಲು ಹೊಲಸು, ಮಣ್ಣೆಲ್ಲ ಅಂಟಿದೆ. ಒರೆಸಿದರೆ ತಗಡು ಚೆನ್ನಾಗಿದೆ. ಮೆತ್ತಗಿರುವುದರಿಂದ ಅದು ಬಿರುಕು ಬಿಡುವುದಿಲ್ಲ. ಆದರೆ ಚಕ್ರದ ಮೇಲಿನ ಗೂಡಿನಲ್ಲಿ ಒಂದೇ ಮಳೆಗಾಲಕ್ಕೆ ತೊಳೆದುಹೋಗುತ್ತದೆ, ಟೈರ್ ಎರಚುವ ನೀರಿಗೆ ನಿಲ್ಲುವುದಿಲ್ಲ. ಹಾಗಾಗಿ ಈಗ ಚಕ್ರದ ಗೂಡಿಗೆ ತಗಡು ಕ್ಲೀನ್ ಮಾಡಿಸಿ ಗಟ್ಟಿ ಕೋಟಿಂಗ್, ಉಳಿದ ಕಡೆಗೆಲ್ಲ ವರ್ಷಕ್ಕೊಮ್ಮೆ ವ್ಯಾಕ್ಸ್.

ಹಳೆ ಎಂಜಿನ್ ಆಯಿಲ್ ಹಚ್ಚಿ ಅಂತ ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ಒಂದು ಮಳೆಗಾಲ ಹಚ್ಚಿದೆ. ತುಕ್ಕಿಗೆ ಪರವಾಗಿಲ್ಲ. ಆದರೆ ಕಾರು ನಿಲ್ಲಿಸುವ ಜಾಗದಿಂದ ಬಾವಿಗೆ ಹತ್ತು ಹೆಜ್ಜೆ. ಅಂಗಳದ ನೀರಿನಲ್ಲಿ ಎಣ್ಣೆಯ ಬಣ್ಣ ತೇಲುವುದು ನೋಡಿದ ದಿನವೇ ಬಿಟ್ಟೆ. ರಬ್ಬರ್ ಬುಷ್‌ಗಳಿಗೂ ಅದು ಒಳ್ಳೆಯದಲ್ಲ.

ಇಷ್ಟರಲ್ಲಿ ಹೆಚ್ಚು ಫಲ ಕೊಟ್ಟಿದ್ದು ಬಿಡಿಗಾಸಿನ ಖರ್ಚಿಲ್ಲದ ಕೆಲಸ. ಬಾಗಿಲು ಮತ್ತು ರನ್ನಿಂಗ್ ಬೋರ್ಡಿನ ಅಡಿಯಲ್ಲಿ ನೀರು ಇಳಿಯಲು ಸಣ್ಣ ತೂತುಗಳಿವೆ. ಮಣ್ಣು, ಮಾವಿನ ತರಗೆಲೆ ಸೇರಿ ಕಟ್ಟಿಕೊಳ್ಳುತ್ತವೆ. ಮಳೆಗಾಲದಲ್ಲಿ ಪ್ರತಿ ಭಾನುವಾರ ತೆಂಗಿನ ಗರಿಯ ಕಡ್ಡಿಯಲ್ಲಿ ಚುಚ್ಚಿ ಬಿಡಿಸುತ್ತೇನೆ. ಮೊದಲ ಸಲ ಬಿಡಿಸಿದಾಗ ಒಂದು ಬಾಗಿಲಿನಿಂದಲೇ ಅರ್ಧ ಚೊಂಬು ನೀರು ಇಳಿಯಿತು. ಮರವಂತೆಯಿಂದ ಬಂದ ದಿನ ಅಡಿಗೆ ಬಾವಿನೀರು ಬಿಟ್ಟು ತೊಳೆಯುವುದೂ ರೂಢಿಯಾಗಿದೆ.

2024ರಲ್ಲಿ ಎರಡನೇ ಸಲ ಎಫ್‌ಸಿ ಆಯಿತು, 2029ರವರೆಗೆ ಗಾಡಿ ಓಡಿಸಬಹುದು. ಮೊನ್ನೆ ಬಲಗಡೆಯ ಬಿರಡೆ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ವ್ಯಾಕ್ಸ್ ಇನ್ನೂ ಬೆರಳಿಗೆ ಅಂಟುತ್ತಿದೆ. ಎಡಗಡೆ ಹಿಂದಿನ ಚಕ್ರದ ಹತ್ತಿರ ಒಂದು ರೂಪಾಯಿ ನಾಣ್ಯದಗಲ ಗುಳ್ಳೆ ಎದ್ದಿದೆ. ಮಳೆ ಹಿಡಿಯುವ ಮೊದಲು ಅದನ್ನು ಕತ್ತರಿಸಿಬಿಡಬೇಕು. ಟಿಂಕರ್‌ಗೆ ಮೇ ಮೊದಲ ವಾರಕ್ಕೆ ಹೇಳಿಟ್ಟಿದ್ದೇನೆ.