ಜೀರಾ ರೈಸ್‌ಗೆ ಅಂತಾನೇ ತಗೊಂಡ ಮೂರು ಪದರದ ಸ್ಟೀಲ್ ಪಾತ್ರೆ, ಆರು ತಿಂಗಳು ಬಳಸಿದ್ಮೇಲೆ ಬರೀತಿದೀನಿ

ಆರು ತಿಂಗಳಿಂದ ವಾರಕ್ಕೆ ಮೂರು ಸಲನಾದ್ರೂ ಈ ಪಾತ್ರೆ ಒಲೆ ಮೇಲೆ ಏರ್ತಿದೆ, ಅದ್ರಲ್ಲಿ ಮುಕ್ಕಾಲು ಪಾಲು ಜೀರಾ ರೈಸೇ, ಹಾಗಾಗಿ ರಿವ್ಯೂ ಬರೆಯೋಷ್ಟು ಅನುಭವ ಆಗಿದೆ ಅನ್ಸುತ್ತೆ. ತಗೊಂಡ ವಾರದಲ್ಲೇ ಐದು ಸ್ಟಾರ್ ಕೊಟ್ಟು ಬರೆಯೋರನ್ನ ನೋಡಿದೀನಿ, ಪಾತ್ರೆ ವಿಷಯದಲ್ಲಿ ಅದು ಸರಿಯಲ್ಲ, ಅದರ ಗುಣ ಅವಗುಣ ಎರಡೂ ತಿಂಗಳುಗಟ್ಟಲೆ ತಿಕ್ಕಿ ತೊಳೆದ ಮೇಲೇ ಗೊತ್ತಾಗೋದು.

ಪಾತ್ರೆ ಯಾವ್ದು ಅಂದ್ರೆ 20 ಸೆಂಟಿಮೀಟರ್ ಅಗಲದ, ಮೂರು ಲೀಟರ್ ಹಿಡಿಯೋ, ಎರಡು ಕಡೆ ಹಿಡಿ ಇರೋ ಟ್ರೈಪ್ಲೈ ಪಾತ್ರೆ, ಮುಚ್ಚಳಾನೂ ಸ್ಟೀಲಿಂದೇ. ಟ್ರೈಪ್ಲೈ ಅಂದ್ರೆ ಒಳಗೊಂದು ಸ್ಟೀಲ್ ಪದರ, ಹೊರಗೊಂದು ಸ್ಟೀಲ್ ಪದರ, ಮಧ್ಯದಲ್ಲಿ ಅಲ್ಯೂಮಿನಿಯಂ. ಸ್ಟೀಲ್ ಗಟ್ಟಿ, ಆದ್ರೆ ಬಿಸಿ ಹರಡೋದ್ರಲ್ಲಿ ತುಂಬಾ ನಿಧಾನ, ಅಲ್ಯೂಮಿನಿಯಂ ಅದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಚೆನ್ನಾಗಿ ಬಿಸಿ ಹರಡುತ್ತೆ, ಅದಕ್ಕೇ ಮಧ್ಯದಲ್ಲಿ ಅದನ್ನ ಇಟ್ಟಿರೋದು. ಮುಚ್ಚಳ ಸೇರಿ ಅಡುಗೆಮನೆ ತಕ್ಕಡೀಲಿ ತೂಗಿದ್ರೆ 1.6 ಕಿಲೋ ಬಂತು. ಕೈಯಲ್ಲಿ ಎತ್ತಿದ ತಕ್ಷಣ ಭಾರ ಗೊತ್ತಾಗುತ್ತೆ.

ಯಾಕೆ ತಗೊಂಡೆ ಅಂತ ಹೇಳ್ಬೇಕು. ಮುಂಚೆ ನನ್ನ ಹತ್ರ ಇದ್ದಿದ್ದು ಒಂದು ತೆಳು ಸ್ಟೀಲ್ ಪಾತ್ರೆ, ಅದ್ರ ಮುಚ್ಚಳ ಸ್ವಲ್ಪ ಡೊಂಕಾಗಿತ್ತು, ಒಂದು ಕಡೆ ಅಕ್ಕಿಕಾಳು ತೂರೋಷ್ಟು ಸಂದಿ. ಅದ್ರಲ್ಲಿ ಜೀರಾ ರೈಸ್ ಮಾಡಿದ್ರೆ ಒಂದಿನ ಉದುರುದುರಾಗಿ ಬರೋದು, ಮಾರನೇ ದಿನ ಅದೇ ಅಕ್ಕಿ ಅದೇ ನೀರು ಅದೇ ಲೋಟದ ಅಳತೆ ಹಾಕಿದ್ರೂ ಮೇಲೆ ಅರೆಬೆಂದ ಕಾಳು ಕೆಳಗೆ ಸೀದ ಪದರ. ನಾನು ಅಕ್ಕಿ ಬದಲಾಯಿಸಿದೆ, ನೆನೆಸೋ ಹೊತ್ತು ಬದಲಾಯಿಸಿದೆ, ನೀರು ಹೆಚ್ಚು ಮಾಡಿದೆ, ಕಡಿಮೆ ಮಾಡಿದೆ, ನಾಲ್ಕೈದು ತಿಂಗಳು ಇದೇ ಆಯ್ತು, ಆದ್ರೆ ಮುಚ್ಚಳದ ಕಡೆ ಗಮನಾನೇ ಕೊಟ್ಟಿರ್ಲಿಲ್ಲ. ತಪ್ಪು ಅಲ್ಲೇ ಇತ್ತು.

ಇದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಈ ಪಾತ್ರೆ ಮೇಲೆ ನನಗಿರೋ ಪ್ರೀತಿಗೆ ಇದೇ ಕಾರಣ. ಅಕ್ಕಿ ಬೇಯೋಕೆ ಹಾಕೋ ನೀರಲ್ಲಿ ಎರಡು ಪಾಲು ಇರುತ್ತೆ, ಒಂದು ಪಾಲು ಅಕ್ಕಿ ಕುಡಿಯೋದು, ಇನ್ನೊಂದು ಪಾಲು ಆವಿಯಾಗಿ ಹೋಗೋದು. ಅಕ್ಕಿ ಕುಡಿಯೋ ಪಾಲು ಅಕ್ಕಿಯ ಅಳತೆಗೆ ತಕ್ಕ ಹಾಗೆ ಏರುತ್ತೆ, ಅದು ಲೆಕ್ಕಕ್ಕೆ ಸಿಗುತ್ತೆ. ಆವಿಯಾಗೋ ಪಾಲು ಮಾತ್ರ ಅಕ್ಕಿ ಎಷ್ಟು ಅನ್ನೋದನ್ನ ಕೇಳಲ್ಲ, ಅದು ಪಾತ್ರೆ ಬಾಯಿ ಎಷ್ಟು ಅಗಲ, ಮುಚ್ಚಳ ಎಷ್ಟು ಬಿಗಿ, ಉರಿ ಎಷ್ಟು, ಎಷ್ಟು ಹೊತ್ತು, ಇದರ ಮೇಲೆ ನಿಂತಿರುತ್ತೆ. ಹಾಗಾಗಿ ಒಂದು ಕಪ್‌ಗೆ ಎರಡು ಕಪ್ ನೀರು ಅಂತ ಯಾರೋ ಬರೆದಿರೋ ಅಳತೆ ಅವರ ಮನೆ ಮುಚ್ಚಳದ ಅಳತೆ, ನಮ್ಮದಲ್ಲ. ಒಂದಿನ ಕೂತು ಎರಡೂ ಪಾತ್ರೇಲಿ ಬರೀ ಅರ್ಧ ಲೀಟರ್ ನೀರು ಹಾಕಿ ಕುದಿ ಬರಿಸಿ, ಮುಚ್ಚಿ, ಅತೀ ಸಣ್ಣ ಉರೀಲಿ ಹನ್ನೆರಡು ನಿಮಿಷ ಇಟ್ಟು ಆಮೇಲೆ ತೂಗಿ ನೋಡಿದೆ. ಹಳೇದ್ರಲ್ಲಿ 70 ಗ್ರಾಂ ಹತ್ರ ನೀರು ಹೋಗಿತ್ತು, ಇದ್ರಲ್ಲಿ 20 ಗ್ರಾಂ. ಹಳೇದ್ರಲ್ಲಿ ಇನ್ನೊಂದ್ಸಲ ಮಾಡಿದ್ರೆ 70 ಬರ್ತಿರ್ಲಿಲ್ಲ, ಮುಚ್ಚಳ ಹೇಗೆ ಕೂತಿದೆ ಅನ್ನೋದ್ರ ಮೇಲೆ 50 ಬರೋದು, 80 ಬರೋದು. ನನ್ನ ಕೈ ಕೆಟ್ಟಿದೆ ಅಂತ ಅಷ್ಟು ದಿನ ಬೇಜಾರು ಮಾಡ್ಕೊಂಡಿದ್ದಕ್ಕೆ ಉತ್ತರ ಆ ತಕ್ಕಡೀಲಿ ಸಿಕ್ತು.

ಈಗ ನನ್ನ ಅಳತೆ ಇದು. ಹಳೇ ಬಾಸ್ಮತಿ ಒಂದು ಕಪ್, ಮೂರು ನಾಲ್ಕು ಸಲ ತೊಳೆದು ಅರ್ಧ ಗಂಟೆ ನೆನೆಸಿ ಪೂರ್ತಿ ನೀರು ಬಸಿದಿದ್ದು, ಅದಕ್ಕೆ ಒಂದೂವರೆ ಕಪ್ ನೀರು. ಎರಡು ಕಪ್ ಅಕ್ಕಿ ಆದ್ರೆ ಮೂರು ಕಪ್ ಹಾಕಲ್ಲ, ಎರಡೂ ಮುಕ್ಕಾಲು ಹಾಕ್ತೀನಿ, ಯಾಕಂದ್ರೆ ಆವಿಯಾಗೋ ಪಾಲು ಎರಡರಷ್ಟಾಗಲ್ಲ. ಈ ಕಾಲು ಕಪ್ ವ್ಯತ್ಯಾಸ ಕೇಳೋಕೆ ಚಿಕ್ಕದು, ತಟ್ಟೇಲಿ ನೋಡಿದ್ರೆ ಬಿಡಿಬಿಡಿ ಅನ್ನಕ್ಕೂ ಅಂಟಂಟು ಅನ್ನಕ್ಕೂ ಇರೋ ವ್ಯತ್ಯಾಸಾನೇ ಅದು. ಹೊಸ ಅಕ್ಕಿ ಆದ್ರೆ ಇನ್ನೂ ಸ್ವಲ್ಪ ಕಮ್ಮಿ ನೀರು ಸಾಕು, ಹಳೇ ಅಕ್ಕಿ ಒಣಗಿ ಗಟ್ಟಿಯಾಗಿರುತ್ತೆ, ನೀರು ಜಾಸ್ತಿ ಕುಡಿದು ಉದ್ದಕ್ಕೆ ಬೆಳೆಯುತ್ತೆ, ಅಂಟೋದೂ ಕಮ್ಮಿ.

ಒಗ್ಗರಣೆ ವಿಷಯಕ್ಕೆ ಬರ್ತೀನಿ, ಇಲ್ಲಿ ಪಾತ್ರೆ ಒಳ್ಳೇದೂ ಮಾಡುತ್ತೆ, ಮೊದಮೊದಲು ಕಾಟಾನೂ ಕೊಡುತ್ತೆ. ಒಂದು ದೊಡ್ಡ ಚಮಚ ತುಪ್ಪ, ಒಂದು ಟೀ ಚಮಚ ತುಂಬ ಜೀರಿಗೆ, ಎರಡು ಲವಂಗ, ಒಂದು ಏಲಕ್ಕಿ, ಚಿಕ್ಕ ಚೂರು ಚಕ್ಕೆ, ಒಂದು ಪಲಾವ್ ಎಲೆ. ಇಷ್ಟೇ, ಇದಕ್ಕಿಂತ ಜಾಸ್ತಿ ಮಸಾಲೆ ಹಾಕಿದ್ರೆ ಅದು ಪಕ್ಕದಲ್ಲಿ ಬಡಿಸೋ ಅನ್ನ ಆಗಲ್ಲ, ಗ್ರೇವಿ ಜೊತೆ ಜಗಳಕ್ಕೆ ನಿಲ್ಲುತ್ತೆ. ಮಸಾಲೆ ಘಮ ಬರೋ ಎಣ್ಣೆಗಳು ನೀರಲ್ಲಿ ಕರಗೋದು ಕಮ್ಮಿ, ಕೊಬ್ಬಲ್ಲಿ ಚೆನ್ನಾಗಿ ಕರಗುತ್ತೆ, ಹಾಗಾಗಿ ತುಪ್ಪದಲ್ಲಿ ಅರಳಿಸದೆ ನೇರ ನೀರಿಗೆ ಹಾಕಿದ್ರೆ ಜೀರಿಗೆ ಅನ್ನದ ಮಧ್ಯೆ ಸುಮ್ನೆ ಕೂತಿರುತ್ತೆ, ಘಮ ಪಾತ್ರೆ ತುಂಬ ಹರಡಲ್ಲ.

ದಪ್ಪ ತಳ ಆಗಿರೋದ್ರಿಂದ ತುಪ್ಪ ಎಲ್ಲಾ ಕಡೆ ಒಂದೇ ಸಮ ಕಾಯುತ್ತೆ, ತೆಳು ಪಾತ್ರೇಲಿ ಆಗೋ ಹಾಗೆ ನಡುವೆ ಜೀರಿಗೆ ಕಪ್ಪಾಗಿ ಅಂಚಲ್ಲಿ ಹಸಿ ಉಳಿಯೋ ಕತೆ ಇಲ್ಲ. ಆದ್ರೆ ಇದೇ ತಳ ಉರಿ ಆರಿಸಿದ ಮೇಲೂ ಬಿಸಿ ಹಿಡ್ಕೊಂಡಿರುತ್ತೆ. ಮೊದಲನೇ ವಾರ ಎರಡು ಸಲ ಜೀರಿಗೆ ಸೀದು ಹೋಯ್ತು, ಹಳೇ ಅಭ್ಯಾಸದಲ್ಲಿ ಪೂರ್ತಿ ಕಂದು ಆಗ್ಲಿ ಅಂತ ಕಾದು ಆಮೇಲೆ ಆರಿಸಿದೆ, ಆರಿಸಿದ್ಮೇಲೂ ಅದು ಹುರೀತಾನೇ ಇತ್ತು, ಕಹಿ ಆಗೋಯ್ತು. ಈಗ ಜೀರಿಗೆ ಸುತ್ತ ಸಣ್ಣ ಗುಳ್ಳೆ ಎದ್ದು, ಬೂದು ಹಸಿರು ಬಣ್ಣ ತಿರುಗಿ ತಿಳಿ ಕಂದು ಆಗೋಕೆ ಶುರು ಆದ ತಕ್ಷಣ ಬಸಿದ ಅಕ್ಕಿ ಸುರಿದುಬಿಡ್ತೀನಿ, ಅಕ್ಕಿಯ ತಂಪು ಅದನ್ನ ಅಲ್ಲೇ ನಿಲ್ಲಿಸುತ್ತೆ. ಚೂರು ಮುಂಚೆ ಹಾಕಿದ್ರೂ ಪರವಾಗಿಲ್ಲ, ಒಂದು ಕ್ಷಣ ತಡ ಆದ್ರೆ ಮಾತ್ರ ಇಡೀ ಅನ್ನಕ್ಕೆ ಆ ಕಹಿ ಹತ್ತುತ್ತೆ.

ಅಕ್ಕಿನ ತುಪ್ಪದಲ್ಲಿ ಒಂದು ನಿಮಿಷ ಮೆಲ್ಲಗೆ ಹೊರಳಾಡಿಸ್ಬೇಕು. ನೆಂದ ಕಾಳು ಮುರಿಯೋದು ಬಲು ಸುಲಭ, ಹಾಗಾಗಿ ಸೌಟು ಹಾಕಿ ತಿರುವೋದಲ್ಲ, ಮರದ ಚಪ್ಪಟೆ ಸಟ್ಟುಗದಲ್ಲಿ ಕೆಳಗಿಂದ ಮೇಲೆತ್ತಿ ಬಿಡೋದು. ಪಾತ್ರೆ ಅಗಲ ಇಲ್ಲಿ ಉಪಕಾರಕ್ಕೆ ಬರುತ್ತೆ, ಕಾಳು ಒಂದರ ಮೇಲೊಂದು ಒತ್ತಿಕೊಳ್ಳಲ್ಲ.

ಆಮೇಲೆ ಬಿಸಿನೀರು, ಕುದಿ ಬಂದ ಮೇಲೆ ಉಪ್ಪು. ಉಪ್ಪು ಕೊನೇಲಿ ಹಾಕೋಕೆ ಕಾರಣ ಇದೆ, ತಣ್ಣೀರಿಗೆ ಉಪ್ಪು ಹಾಕಿ ಹಾಗೇ ಬಿಟ್ಟರೆ ಕರಗದ ಹರಳು ತಳದಲ್ಲಿ ಕೂತು ಸ್ಟೀಲಿಗೆ ಸೂಜಿ ಚುಚ್ಚಿದ ಹಾಗೆ ಸಣ್ಣ ಗುಳಿ ಬೀಳಿಸುತ್ತೆ, ಆ ಕಲೆ ಮತ್ತೆ ಹೋಗಲ್ಲ. ಕುದಿಯೋ ನೀರಿಗೆ ಹಾಕಿ ಒಂದ್ಸಲ ಕಲಕಿದ್ರೆ ತಕ್ಷಣ ಕರಗುತ್ತೆ.

ಈಗ ಮುಚ್ಚಳ. ಗಾಜಿನ ಮುಚ್ಚಳ ಇದ್ದಿದ್ರೆ ಒಳಗೆ ಏನಾಗ್ತಿದೆ ಅಂತ ಕಾಣ್ತಿತ್ತು ಅಂತ ಮೊದಲು ಬೇಜಾರಿತ್ತು. ಆದ್ರೆ ಗಾಜಿನ ಮುಚ್ಚಳಗಳಲ್ಲಿ ಸಾಮಾನ್ಯವಾಗಿ ಆವಿ ಹೋಗೋಕೆ ಒಂದು ತೂತು ಇರುತ್ತೆ, ಇದ್ರಲ್ಲಿ ಇಲ್ಲ, ಭಾರಕ್ಕೆ ತಾನೇ ಗಟ್ಟಿಯಾಗಿ ಕೂರುತ್ತೆ. ಕಾಣದೇ ಇದ್ರೂ ಕೇಳುತ್ತೆ ಅಂತ ಆಮೇಲೆ ಗೊತ್ತಾಯ್ತು, ಇದನ್ನ ಯಾರೂ ನನಗೆ ಹೇಳಿರ್ಲಿಲ್ಲ. ಸಣ್ಣ ಉರಿ ಮಾಡಿ ಮುಚ್ಚಿದ್ಮೇಲೆ ಏಳೆಂಟು ನಿಮಿಷ ಒಳಗಿಂದ ಗುಳುಗುಳು ಅಂತ ಒದ್ದೆ ಸದ್ದು ಬರ್ತಿರುತ್ತೆ, ನೀರು ಮುಗೀತಾ ಬಂದ ಹಾಗೆ ಅದು ತೆಳ್ಳಗಾಗುತ್ತೆ, ಹತ್ತನೇ ನಿಮಿಷದ ಆಸುಪಾಸು ಚಿಟಿಚಿಟಿ ಅಂತ ಒಣ ಸದ್ದಿಗೆ ತಿರುಗುತ್ತೆ. ಆ ಚಿಟಿಚಿಟಿ ಶುರುವಾಗಿ ಅರ್ಧ ನಿಮಿಷಕ್ಕೆ ಆರಿಸಿದ್ರೆ ತಳ ಹಿಡಿಯಲ್ಲ. ಆಮೇಲೆ ಮುಚ್ಚಳ ತೆಗೀದೆ ಹತ್ತು ನಿಮಿಷ. ದಯವಿಟ್ಟು ತೆಗೀಬೇಡಿ, ಆಗ ತಾನೇ ಬೆಂದ ಕಾಳು ಹೊರಗೆ ಒದ್ದೆ ಒಳಗೆ ಸ್ವಲ್ಪ ಗಟ್ಟಿ ಇರುತ್ತೆ, ಈ ಹತ್ತು ನಿಮಿಷದಲ್ಲಿ ತೇವ ಸಮ ಆಗುತ್ತೆ, ಕಾಳು ಗಟ್ಟಿಯಾಗಿ ನಿಲ್ಲುತ್ತೆ. ಬೇಗ ತೆಗೆದು ಕಲಕಿದ ದಿನ ಪ್ರತೀ ಸಲಾನೂ ತುಂಡು ಅನ್ನ ಸಿಕ್ಕಿದೆ.

ಹತ್ತು ನಿಮಿಷ ಆದ್ಮೇಲೆ ಮುಚ್ಚಳ ಓರೆಯಾಗಿ ಎತ್ತಿ, ಇಲ್ಲಾಂದ್ರೆ ಒಳಗಡೆ ಕೂತಿರೋ ನೀರೆಲ್ಲ ಅನ್ನದ ಮೇಲೆ ಸುರಿಯುತ್ತೆ. ಮುಚ್ಚಳ ಎತ್ತಿದಾಗ ಕಾಣೋದು ನೋಡೋಕೇ ಚೆಂದ, ಕಾಳುಗಳು ಮೇಲ್ಮುಖವಾಗಿ ನಿಂತಿರುತ್ತೆ, ಅಲ್ಲಲ್ಲಿ ಆವಿ ಏರಿಬಂದ ಸಣ್ಣ ಸಣ್ಣ ಗುಂಡಿ, ಜೀರಿಗೆ ಎಲ್ಲಾ ಮೇಲಕ್ಕೆ ಬಂದು ಕೂತಿರುತ್ತೆ, ಪಲಾವ್ ಎಲೆ ಒಂದು ಮೂಲೇಲಿ. ಫೋರ್ಕಲ್ಲಿ ಅಂಚಿಂದ ಸಡಿಲ ಮಾಡಿದ್ರೆ ಕಾಳು ಕಾಳು ಬೇರೆ ಆಗಿ ಬೀಳುತ್ತೆ. ಈ ಆರು ತಿಂಗಳಲ್ಲಿ ಮುದ್ದೆ ಆಗಿದ್ದು ಒಂದೇ ಸಲ, ಅವತ್ತು ನೆನೆಸಿದ ನೀರು ಸರಿಯಾಗಿ ಬಸಿದಿರ್ಲಿಲ್ಲ.

ಕೊರತೆಗಳನ್ನೂ ಹೇಳ್ಬೇಕು. ಹಿಡಿಗಳು ಸ್ಟೀಲೇ ಆಗಿರೋದ್ರಿಂದ ಹತ್ತು ನಿಮಿಷಕ್ಕೆ ಮುಟ್ಟೋಕಾಗಲ್ಲ, ಮುಚ್ಚಳದ ಗುಬುಟು ಇನ್ನೂ ಬಿಸಿ, ಬಟ್ಟೆ ಯಾವಾಗ್ಲೂ ಪಕ್ಕದಲ್ಲಿರ್ಬೇಕು. ಸ್ಟೀಲ್ ಆಗಿರೋದ್ರಿಂದ ನಾನ್‌ಸ್ಟಿಕ್ ಥರ ಜಾರಲ್ಲ, ತುಪ್ಪ ಕಾಯೋ ಮುಂಚೆ ಅಕ್ಕಿ ಹಾಕಿದ್ರೆ ಅಂಟುತ್ತೆ. ಅಂಟಿದ್ರೆ ಕೆರೆಯೋಕೆ ಹೋಗ್ಬೇಡಿ, ಬಿಸಿನೀರು ಹಾಕಿ ಕಾಲು ಗಂಟೆ ಬಿಟ್ರೆ ತಾನೇ ಎದ್ದು ಬರುತ್ತೆ. ಎರಡನೇ ತಿಂಗಳಲ್ಲಿ ಒಳಗಡೆ ಕಾಮನಬಿಲ್ಲಿನ ಥರ ಬಣ್ಣದ ಕಲೆ ಬಂತು, ಪಾತ್ರೆ ಹಾಳಾಯ್ತು ಅಂತ ಹೆದರಿದ್ದೆ, ಅದು ಜಾಸ್ತಿ ಬಿಸಿಗೆ ಸ್ಟೀಲ್ ಮೇಲಿನ ಪದರ ದಪ್ಪ ಆಗೋದ್ರಿಂದ ಕಾಣೋ ಬಣ್ಣ ಅಷ್ಟೇ, ಸ್ವಲ್ಪ ವಿನೆಗರ್ ಹಾಕಿ ಒರೆಸಿದ್ರೆ ಹೋಯ್ತು. ಗಡಸು ನೀರಿಂದ ಬರೋ ಬಿಳಿ ಚುಕ್ಕೆಗೂ ಅದೇ ಮದ್ದು.

ಇನ್ನೊಂದು ಮುಖ್ಯ ವಿಷಯ, ಇದು ಬಿಸಿ ಹಿಡಿದಿಡೋ ಪಾತ್ರೆ, ಉಳಿದ ಅನ್ನ ಇದ್ರಲ್ಲೇ ಬಿಟ್ಟರೆ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತೆ, ಅದು ಒಳ್ಳೇದಲ್ಲ. ಅಕ್ಕೀಲಿರೋ ಒಂದು ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದ್ರೂ ಸಾಯಲ್ಲ, ಬೆಚ್ಚಗಿನ ಅನ್ನದಲ್ಲಿ ಮತ್ತೆ ಬೆಳೆದು ವಿಷ ಮಾಡುತ್ತೆ, ಆ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ. ಊಟ ಆದ ತಕ್ಷಣ ಅಗಲ ತಟ್ಟೇಲಿ ಹರಡಿ ಆರಿಸಿ ಒಂದು ಗಂಟೆ ಒಳಗೆ ಫ್ರಿಜ್ಜಿಗೆ ಇಡಿ.

ತಗೊಳ್ಳೋರಿಗೆ: ಟ್ರೈಪ್ಲೈ ಅಂತ ಬರೆದಿರೋದೆಲ್ಲ ಒಂದೇ ಅಲ್ಲ, ಕೆಲವಕ್ಕೆ ತಳದಲ್ಲಿ ಮಾತ್ರ ದಪ್ಪ ಬಿಲ್ಲೆ ಅಂಟಿಸಿರ್ತಾರೆ, ಗೋಡೆ ತೆಳುವಾಗೇ ಇರುತ್ತೆ, ಗ್ಯಾಸ್ ಉರಿ ತಳ ದಾಟಿ ಪಕ್ಕಕ್ಕೆ ತಾಗಿದ್ರೆ ಅಲ್ಲಿ ಸುತ್ತ ಉಂಗುರದ ಥರ ಸೀಯುತ್ತೆ. ಬಾಯಿ ಅಂಚು ನೋಡಿ, ಎಷ್ಟೋ ಪಾತ್ರೆಗಳಲ್ಲಿ ಮಧ್ಯದ ಅಲ್ಯೂಮಿನಿಯಂ ಬೂದು ಗೆರೆಯಾಗಿ ಅಲ್ಲಿ ಕಾಣುತ್ತೆ. ಇಂಡಕ್ಷನ್ ಒಲೆ ಇರೋರು ಅಯಸ್ಕಾಂತ ತಳಕ್ಕೆ ಇಟ್ಟು ನೋಡಿ, ಗಟ್ಟಿಯಾಗಿ ಹಿಡೀಬೇಕು. 18/8 ಅಂತ ಬರೆದಿದ್ರೆ ಒಳಗಿನ ಸ್ಟೀಲಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ 8 ಭಾಗ ನಿಕಲ್ ಅಂತ. ಎಲ್ಲಕ್ಕಿಂತ ಮೊದಲು ಮುಚ್ಚಳ ಹಾಕಿ ಸುತ್ತ ತಿರುಗಿಸಿ ನೋಡಿ, ಅಲ್ಲಾಡಿದ್ರೆ ಬೇಡ, ಮಿಕ್ಕಿದ್ದೆಲ್ಲ ಚೆನ್ನಾಗಿದ್ರೂ ಬೇಡ.

ನಾಲ್ಕೂವರೆ ಸ್ಟಾರ್ ಕೊಡ್ತೀನಿ, ಅರ್ಧ ಕಳೆದಿದ್ದು ಹಿಡಿಗೆ. ಎರಡರಿಂದ ಐದು ಜನಕ್ಕೆ 20 ಸೆಂಟಿಮೀಟರಿಂದು ಸರಿಯಾಗುತ್ತೆ. ಒಬ್ಬರಿಗೆ ಅಂತ ಅರ್ಧ ಕಪ್ ಅಕ್ಕಿ ಹಾಕಿದ್ರೆ ಮಾತ್ರ ನೀರು ತಳದಲ್ಲಿ ತೆಳ್ಳಗೆ ಹರಡಿ ಬೇಗ ಬತ್ತಿ ಹೋಗುತ್ತೆ, ಮೇಲಿನ ಕಾಳು ಗಟ್ಟಿ ಉಳಿಯುತ್ತೆ, ಅದಕ್ಕೆ 16 ಸೆಂಟಿಮೀಟರಿಂದು ಇನ್ನೊಂದು ನೋಡ್ತಿದೀನಿ, ಮುಚ್ಚಳ ಹೀಗೇ ಕೂರೋದು ಸಿಕ್ಕಿದ ದಿನ ತಗೊಳ್ತೀನಿ.